ಬಂಗಾರಪೇಟೆ ದಾಟಿದರೆ ಸ್ವಿಚ್ ಆಫ್

“ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ.”

ಆ ಹೆಣ್ಣು ಧ್ವನಿಯನ್ನು ಅಂದು ರಾತ್ರಿ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. 2023ರ ಆಗಸ್ಟ್ ತಿಂಗಳು, ಸಣ್ಣಗೆ ಮಳೆ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆಗಿನ್ನೂ ಎರಡು ತಿಂಗಳಾಗಿತ್ತು. ದಿನಾ ರಾತ್ರಿ ಒಂಬತ್ತರ ಸುಮಾರಿಗೆ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂದುಬಿಡುವವಳು ಅಂದು ಹತ್ತು ಗಂಟೆಯಾದರೂ ಬರಲಿಲ್ಲ. ಇಶಾ ನಮಾಝ್ ಮುಗಿಸಿ ಬಂದ ಮಾವನವರು ಊಟಕ್ಕೆ ಕೂರದೆ ಬಾಗಿಲ ಬಳಿಯ ಕುರ್ಚಿಯಲ್ಲೇ ಕುಳಿತಿದ್ದರು. ನಾನು ಒಳಗಿನಿಂದ ಬಾಗಿಲಿಗೆ, ಬಾಗಿಲಿನಿಂದ ಒಳಗೆ ಓಡಾಡುತ್ತಾ ಮತ್ತೆ ಮತ್ತೆ ಫೋನ್ ಒತ್ತುತ್ತಿದ್ದೆ.

ಹತ್ತೂ ಮುಕ್ಕಾಲಿಗೆ ಗಲ್ಲಿಯ ತುದಿಯಲ್ಲಿ ಆಟೋ ನಿಂತಿತು. ಬುರ್ಖಾದ ಅಂಚೆಲ್ಲ ಒದ್ದೆ ಮಾಡಿಕೊಂಡು ಮಗಳು ಇಳಿದಳು. ಬೆಂಗಳೂರಿನಲ್ಲಿ ನೇರ ಮಾರಿಕುಪ್ಪಂ ಗಾಡಿ ತಪ್ಪಿತ್ತಂತೆ. ಬೇರೆ ಗಾಡಿ ಹತ್ತಿ ಬಂಗಾರಪೇಟೆಯಲ್ಲಿ ಇಳಿದು, ಅದೇ ಡಬ್ಬಿಯಲ್ಲಿದ್ದ ಆಂಡರ್ಸನ್‌ಪೇಟೆಯ ಒಬ್ಬ ನರ್ಸಮ್ಮನ ಜೊತೆ ಸೇರಿ ಆಟೋ ಮಾಡಿಕೊಂಡು ಬಂದಿದ್ದಳು. “ಫೋನ್ ಯಾಕೆ ಆಫ್ ಮಾಡಿದೆ?” ಎಂದು ನಾನು ಕೂಗಿದೆ. ಅವಳೂ ಕೂಗಿದಳು: “ನಾನು ಆಫ್ ಮಾಡಲಿಲ್ಲ ಅಮ್ಮಿ, ಅದೇ ಆಗಿಹೋಯಿತು. ಟೇಕಲ್ ದಾಟುವಾಗಲೇ ಚಾರ್ಜ್ ಮುಗಿಯಿತು!”

ಆ ಜಗಳ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಮರುದಿನ ಬೆಳಿಗ್ಗೆ ಬಂಗಾರಪೇಟೆಯಿಂದ ನನ್ನ ಭಾವನವರು ಬಂದರು. ಸ್ಟೇಷನ್ ರಸ್ತೆಯ ಹತ್ತಿರ ಅವರಿಗೆ ಒಂದು ಪಾತ್ರೆ ಅಂಗಡಿ ಇದೆ. ನನ್ನ ಪತಿ ಹದಿನೈದು ವರ್ಷಗಳಿಂದ ಸೌದಿಯ ದಮ್ಮಾಮಿನಲ್ಲಿರುವುದರಿಂದ ಮನೆಯ ದೊಡ್ಡ ಮಾತುಗಳನ್ನು ಭಾವನವರೇ ಆಡುವುದು ರೂಢಿ. ಚಹಾ ಕುಡಿದು ಲೋಟ ಕೆಳಗಿಡುತ್ತಾ ಅವರು ಹೇಳಿದ್ದು ಇಷ್ಟು: “ಬೆಳಿಗ್ಗೆ ನೂರು ಚಾರ್ಜ್ ಮಾಡಿಕೊಂಡು ಹೋದ ಫೋನು ರಾತ್ರಿಗೆ ಸತ್ತುಹೋಗುತ್ತದೆ ಅಂದರೆ ಹಗಲೆಲ್ಲ ಅದರಲ್ಲಿ ಏನು ನಡೆಯುತ್ತಿದೆ? ಕೆಲಸ ಮಾಡುತ್ತಿದ್ದಾಳೋ, ವಿಡಿಯೋ ನೋಡುತ್ತಾ ಕೂತಿದ್ದಾಳೋ? ಈ ಕೆಲಸ ಬೇಡ. ಇಲ್ಲೇ ಯಾವುದಾದರೂ ಶಾಲೆಯಲ್ಲಿ ಸೇರಿಸೋಣ.”

ಮಗಳು ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಎದುರು ಮಾತಾಡಲಿಲ್ಲ. ಅವಳ ಮುಖ ನೋಡಿ, ಹಿಂದಿನ ರಾತ್ರಿ ನಾನೂ ಬೇರೆ ಮಾತುಗಳಲ್ಲಿ ಇದನ್ನೇ ಕೇಳಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ನಮ್ಮ ಊರಿನ ಪರಿಸ್ಥಿತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ದಿನದಿಂದ ಊರಿನ ಅನ್ನ ಬೆಂಗಳೂರಿನಲ್ಲಿದೆ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳು ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ ಎಂದು ಒಂದೊಂದೇ ಸ್ಟೇಷನ್ನಿನಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ಸೇರುತ್ತವೆ. ಅಲ್ಲಿಂದ ಮುಂದೆ ಟೇಕಲ್, ಮಾಲೂರು, ವೈಟ್‌ಫೀಲ್ಡ್. ಹೋಗಲು ಸುಮಾರು ನೂರು ಕಿಲೋಮೀಟರ್, ಬರಲು ನೂರು ಕಿಲೋಮೀಟರ್. ಹೊಲಿಗೆಯವರು, ಗಾರ್ಮೆಂಟ್ಸಿನವರು, ನರ್ಸುಗಳು, ಕಂಪ್ಯೂಟರಿನವರು ಎಲ್ಲ ಅದೇ ಡಬ್ಬಿಯಲ್ಲಿ. ಹೆಣ್ಣುಮಕ್ಕಳು ಆ ಗಾಡಿಯಲ್ಲೇ ತಿಂಡಿ ತಿನ್ನುತ್ತಾರೆ, ಸೊಪ್ಪು ಬಿಡಿಸುತ್ತಾರೆ, ಮದುವೆ ಮಾತುಕತೆಯನ್ನೂ ಮುಗಿಸುತ್ತಾರೆ. ಇಂಥ ಊರಿನಲ್ಲಿ ಹುಡುಗಿಯ ಕೆಲಸ ಬಿಡಿಸುವುದೆಂದರೆ ಸಣ್ಣ ಮಾತಲ್ಲ. ಅದೂ ಒಂದು ಬ್ಯಾಟರಿಗಾಗಿ!

ಹಾಗಾಗಿ ಮೊದಲು ಬ್ಯಾಟರಿಯನ್ನೇ ಸರಿಪಡಿಸೋಣವೆಂದು ಹೊರಟೆವು. ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆವು. ಹುಡುಗ ಫೋನನ್ನು ಕೈಯಲ್ಲಿ ಹಿಡಿದ ಕೂಡಲೇ “ಬ್ಯಾಟರಿ ವೀಕ್” ಎಂದ. ಫೋನಿಗೆ ಹದಿನಾಲ್ಕೇ ತಿಂಗಳಾಗಿತ್ತು. ಸಾವಿರದ ಇನ್ನೂರು ರೂಪಾಯಿ ತೆಗೆದುಕೊಂಡು ಒರಿಜಿನಲ್ ಎಂದು ಹೇಳಿ ಹೊಸದು ಹಾಕಿಕೊಟ್ಟ. ಅದು ಹಳೆಯದಕ್ಕಿಂತ ಅರ್ಧ ಗಂಟೆ ಮೊದಲೇ ಮುಗಿಯತೊಡಗಿತು! ಹಳೆಯದನ್ನು ವಾಪಸ್ ಕೇಳಿದರೆ ಅದು ಅವನ ಬಳಿ ಇರಲಿಲ್ಲ. ನಂತರ ಯಾರೋ ಹೇಳಿದರೆಂದು ಫೋನನ್ನು ಶುಚಿಮಾಡುವ ಆ್ಯಪ್ ಹಾಕಿದೆವು. ಅದು ಹಗಲೂ ರಾತ್ರಿ ಶುಚಿಮಾಡುತ್ತಾ ತಾನೇ ಚಾರ್ಜ್ ತಿನ್ನುತ್ತಿತ್ತು. ಪವರ್ ಬ್ಯಾಂಕ್ ಕೊಂಡೆವು. ಡಬ್ಬಿ, ನೀರಿನ ಬಾಟಲಿ, ಛತ್ರಿಯ ಜೊತೆಗೆ ಅದೂ ಒಂದು ಭಾರವೆಂದು ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಉಳಿಯಿತು. ಕಚೇರಿಯಲ್ಲಿ ಚಾರ್ಜ್ ಹಾಕಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಅವಳ ಕಚೇರಿ ಬೇರೆ ಕಂಪನಿಗಳ ಲೆಕ್ಕಪತ್ರ ನೋಡುವ ಕಡೆ. ಫೋನನ್ನು ಹೊರಗಿನ ಲಾಕರಿನಲ್ಲಿಟ್ಟು ಬೀಗ ಹಾಕಿ ಬರಿಗೈಯಲ್ಲಿ ಒಳಗೆ ಹೋಗಬೇಕೆಂಬುದು ಅಲ್ಲಿನ ನಿಯಮ. ಅವಳು ಇದನ್ನು ಮೊದಲ ದಿನವೇ ಹೇಳಿದ್ದಳು. ಭಾವನವರು ವಿಡಿಯೋ ನೋಡುತ್ತಾಳೆ ಎಂದಾಗ ನನಗಾಗಲಿ ಅವಳಿಗಾಗಲಿ ಇದು ನೆನಪಿಗೆ ಬರಲಿಲ್ಲವೆಂದರೆ ನೋಡಿ, ಸಿಟ್ಟು ಮನುಷ್ಯನನ್ನು ಎಷ್ಟು ಮಂದಮತಿ ಮಾಡುತ್ತದೆ.

ದಾರಿ ತೋರಿಸಿದವರು ಮಾವನವರು.

ಅವರಿಗೆ ಆಗ ಎಪ್ಪತ್ತೆಂಟು. ಸ್ಮಾರ್ಟ್‌ಫೋನ್ ಮುಟ್ಟಿದವರಲ್ಲ. ಆದರೆ ಗಣಿಯಲ್ಲಿ ಅವರು ಬಹುಕಾಲ ಕೆಲಸ ಮಾಡಿದ್ದು ಲ್ಯಾಂಪ್ ರೂಮಿನಲ್ಲಿ. ಕೆಳಗಿಳಿಯುವ ಕಾರ್ಮಿಕರ ಹೆಲ್ಮೆಟ್ಟಿಗೆ ಸಿಕ್ಕಿಸುವ ದೀಪ, ಅದಕ್ಕೆ ಸೊಂಟದ ಬೆಲ್ಟಿನಲ್ಲಿ ಕಟ್ಟುವ ಭಾರವಾದ ಬ್ಯಾಟರಿ, ಇವೆರಡನ್ನೂ ಪ್ರತಿ ಪಾಳಿಗೆ ಕೊಡುವುದು, ವಾಪಸ್ ಬಂದವನ್ನು ಸಾಲಾಗಿ ಚಾರ್ಜಿಗೆ ಹಾಕುವುದು, ಮತ್ತೆ ಕೊಡುವುದು. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿ ದೀಪ ಆರಿದರೆ ತನ್ನ ಕೈ ತನಗೇ ಕಾಣದು. ಎಂಟು ಗಂಟೆಯ ಪಾಳಿಗೆ ಹೋದ ಬ್ಯಾಟರಿ ಎಂಟು ಗಂಟೆಗಿಂತ ಹೆಚ್ಚೇ ಬಾಳಬೇಕು. ಬಾಳದಿದ್ದರೆ ಲ್ಯಾಂಪ್ ರೂಮಿನವನು ಉತ್ತರ ಹೇಳಬೇಕು.

“ದೀಪ ಮಂದವಾಯಿತು ಅಂತ ಯಾರಾದರೂ ದೂರು ತಂದರೆ ನಾವು ಬ್ಯಾಟರಿ ಎಸೆಯುತ್ತಿರಲಿಲ್ಲ,” ಎಂದರು ಮಾವ. “ಮೊದಲು ಬರೆದಿಡುತ್ತಿದ್ದೆವು. ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಮಂದವಾಯಿತು, ಯಾರ ಕೈಯಲ್ಲಿತ್ತು. ಹತ್ತು ದಿನ ಬರೆದರೆ ತಪ್ಪು ಬ್ಯಾಟರಿಯದೋ, ತಂತಿಯದೋ, ಮನುಷ್ಯನದೋ ತಾನೇ ಗೊತ್ತಾಗುತ್ತದೆ. ನೀನು ಹುಡುಗಿಗೆ ಬಯ್ಯುವುದು ಬಿಟ್ಟು ಒಂದು ನೋಟ್‌ಬುಕ್ ಕೊಡು.”

ಕೊಟ್ಟೆ. ನೂರು ಪುಟದ್ದು, ಕಿರಾಣಿ ಲೆಕ್ಕಕ್ಕೆ ತಂದದ್ದು. ಮಗಳು ಮೊದಲು ಗೊಣಗಿದಳು, ನಂತರ ಪ್ರತಿ ಮುಖ್ಯ ಸ್ಟೇಷನ್ನಿನಲ್ಲಿ ಗಂಟೆ ಮತ್ತು ಚಾರ್ಜ್ ಬರೆಯತೊಡಗಿದಳು. ಒಂದು ವಾರದ ಲೆಕ್ಕ ಹೆಚ್ಚುಕಡಿಮೆ ಹೀಗಿತ್ತು: ಬೆಳಿಗ್ಗೆ ಉರಿಗಾಂನಲ್ಲಿ 100, ಬಂಗಾರಪೇಟೆಯಲ್ಲಿ 96, ಮಾಲೂರಿನಲ್ಲಿ 86, ವೈಟ್‌ಫೀಲ್ಡಿನಲ್ಲಿ 82, ಕಚೇರಿ ಬಾಗಿಲಲ್ಲಿ 76. ಸಂಜೆ ಲಾಕರಿನಿಂದ ತೆಗೆದಾಗ 29!

ಮೂವರೂ ಆ ಪುಟದ ಮೇಲೆ ಬಗ್ಗಿ ಕುಳಿತೆವು. ಅವಳು ಫೋನ್ ನೋಡುವುದು, ಮಾತಾಡುವುದು, ನಾತ್ ಕೇಳುವುದು ಎಲ್ಲ ಗಾಡಿಯಲ್ಲಿ. ಅಲ್ಲಿ ಇಳಿದದ್ದು ಇಪ್ಪತ್ತನಾಲ್ಕು. ಬೀಗ ಹಾಕಿದ ಪೆಟ್ಟಿಗೆಯೊಳಗೆ, ಯಾರೂ ಮುಟ್ಟದೆ ಬಿದ್ದಿದ್ದ ಒಂಬತ್ತು ಗಂಟೆಯಲ್ಲಿ ಇಳಿದದ್ದು ನಲವತ್ತೇಳು. “ಹಾಗಾದರೆ ಇದನ್ನು ಯಾರು ತಿಂದರು?” ಎಂದು ಮಗಳು ಕೇಳಿದಳು. ಅವಳ ಧ್ವನಿಯಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಗೆಲುವಿತ್ತು.

ಮಾವನವರು ಕೇಳಿದ್ದು ಒಂದೇ ಪ್ರಶ್ನೆ. “ಆ ಲಾಕರು ಮರದ್ದೋ ಕಬ್ಬಿಣದ್ದೋ?”

ಕಬ್ಬಿಣದ್ದು.

ಇದರ ಒಳಗುಟ್ಟನ್ನು ಮಗಳು ತನ್ನ ಜೊತೆ ಗಾಡಿಯಲ್ಲಿ ಬರುವ ಎಲೆಕ್ಟ್ರಾನಿಕ್ಸ್ ಓದಿದ ಗೆಳತಿಯಿಂದ ತಿಳಿದುಕೊಂಡು ಬಂದಳು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಮೊಬೈಲು ಸುಮ್ಮನೆ ಬಿದ್ದಿರುವಾಗಲೂ ಸುಮ್ಮನಿರುವುದಿಲ್ಲ. ಆಗಾಗ ಟವರಿನ ಮಾತಿಗೆ ಕಿವಿಗೊಡುತ್ತದೆ, ನಾನಿಲ್ಲಿದ್ದೇನೆ ಎಂದು ತಿಳಿಸುತ್ತದೆ. ಟವರು ಹತ್ತಿರವಿದ್ದರೆ ಪಿಸುಮಾತು ಸಾಕು, ದೂರವಾದರೆ ಕೂಗಬೇಕು. 4ಜಿ ಫೋನು ಗಟ್ಟಿಯಾಗಿ ಕೂಗಿದರೆ ಸುಮಾರು 200 ಮಿಲಿವ್ಯಾಟ್ ಶಕ್ತಿಯಲ್ಲಿ ಸಂಕೇತ ಕಳಿಸುತ್ತದೆ. ಟವರು ಹತ್ತಿರವಿದ್ದಾಗ ಅದರ ನೂರರಲ್ಲೊಂದು ಪಾಲು ಸಾಕಾಗಬಹುದು. ಕಬ್ಬಿಣದ ಪೆಟ್ಟಿಗೆ ರೇಡಿಯೋ ಅಲೆಗಳನ್ನು ಬಹಳಷ್ಟು ತಡೆದುಬಿಡುತ್ತದೆ. ಒಳಗಿರುವ ಫೋನಿಗೆ ಟವರು ಸಿಕ್ಕೀತು ಸಿಗದೀತು ಎನ್ನುವ ಸ್ಥಿತಿ. ಸಿಗದಿದ್ದರೆ ಅದು ಮಲಗುವುದಿಲ್ಲ, ಹುಡುಕುತ್ತದೆ. ಸಿಕ್ಕಿತೆಂದರೆ ಜೋರಾಗಿ ಕೂಗುತ್ತದೆ, ಮತ್ತೆ ಕಳೆದುಕೊಳ್ಳುತ್ತದೆ, ಮತ್ತೆ ಹುಡುಕುತ್ತದೆ. ಹೀಗೆ ಒಂಬತ್ತು ಗಂಟೆ.

ಟೇಕಲ್ಲಿನ ಬಳಿಯೂ ಸಣ್ಣ ಪ್ರಮಾಣದಲ್ಲಿ ಅದೇ ಆಗುತ್ತಿತ್ತು. ಅಲ್ಲಿನ ದೊಡ್ಡ ದೊಡ್ಡ ಬಂಡೆಗಳ ಬೆಟ್ಟವನ್ನು ಗಾಡಿಯಲ್ಲಿ ಹೋಗುವವರೆಲ್ಲ ನೋಡಿರುತ್ತೀರಿ. ಬಂಗಾರಪೇಟೆಯಿಂದ ಮಾಲೂರಿನವರೆಗೆ ಅವಳ ಫೋನಿನಲ್ಲಿ ಕಡ್ಡಿಗಳು ಏರುತ್ತಾ ಇಳಿಯುತ್ತಾ ಇರುತ್ತಿದ್ದವು. ಓಡುವ ಗಾಡಿಯಲ್ಲಿ ಫೋನು ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು. ಜೊತೆಗೆ ಅದು 5ಜಿ ಫೋನು. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರಿನಲ್ಲಿ, ನಮ್ಮ ದಾರಿಯಲ್ಲಿ ಆಗ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಲಿಲ್ಲ. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಎಂದು ಫೋನು ಹಾರಾಡುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಎದೆ ಎತ್ತಿಕೊಂಡು ಭಾವನವರ ಅಂಗಡಿಗೆ ಹೋಗುತ್ತಿದ್ದೆ. ಫೋನಿನ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಎಂಬ ಪುಟವೊಂದಿದೆ. ಯಾವ ಯಾವ ಆ್ಯಪ್ ಎಷ್ಟು ತಿಂದಿತು ಎಂದು ಅದು ಪಟ್ಟಿ ಮಾಡಿ ತೋರಿಸುತ್ತದೆ. ನಾವು ಅದನ್ನು ಮೊದಲ ದಿನವೇ ನೋಡಬೇಕಿತ್ತು, ಅಂಗಡಿಯ ಹುಡುಗನೂ ನೋಡಬೇಕಿತ್ತು. ಮಗಳು ತೆರೆದಳು. ಪಟ್ಟಿಯ ತಲೆಯಲ್ಲಿ ಇದ್ದದ್ದು ವಿಡಿಯೋ ಅಲ್ಲ, ಆಟವೂ ಅಲ್ಲ. ಸಂದೇಶ ಕಳಿಸುವ ಆ್ಯಪ್, ಅದೂ ಹಿನ್ನೆಲೆಯಲ್ಲಿ ಓಡಿದ್ದು. ಅವಳು ನನ್ನ ಕಡೆ ತಿರುಗಿ ನೋಡಿದಳು. ಏನೂ ಹೇಳಲಿಲ್ಲ.

ಅವಳು ಹೇಳಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವಳ ತಂದೆ ದಮ್ಮಾಮಿನಿಂದ ಫೋನ್ ಮಾಡಿ, ಮಗಳು ಎಲ್ಲಿದ್ದಾಳೆಂದು ನಕ್ಷೆಯಲ್ಲಿ ಕಾಣುವಂತೆ ಮಾಡಬಹುದಂತೆ, ಹಾಕಿಸು ಎಂದಿದ್ದರು. ನಾನು ಹಾಕಿಸಿದ್ದೆ. ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಮೂರು ಆಯ್ಕೆ ಇರುತ್ತದೆ. ನಾನು ಎಂಟು ಗಂಟೆಯದನ್ನೇ ಒತ್ತಿಸುತ್ತಿದ್ದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒತ್ತಲು ಮರೆತರೆ ಫೋನ್ ಮಾಡಿ ನೆನಪಿಸುತ್ತಿದ್ದೆ. ಅದು ಕೆಲಸ ಮಾಡಲು ಫೋನು ಆಕಾಶದ ಉಪಗ್ರಹಗಳ ಸಂಕೇತ ಹಿಡಿಯಬೇಕು, ಸುತ್ತಲಿನ ವೈಫೈಗಳನ್ನು ಮೂಸಿ ನೋಡಬೇಕು, ಸಿಕ್ಕ ಜಾಗವನ್ನು ಟವರಿನ ಮೂಲಕ ನನಗೆ ಕಳಿಸಬೇಕು. ಕಬ್ಬಿಣದ ಪೆಟ್ಟಿಗೆಯೊಳಗೆ ಕುಳಿತು! ಆ ಬಡಪಾಯಿ ಇಡೀ ಹಗಲು ನನಗಾಗಿ ಹುಡುಕುತ್ತಿತ್ತು. ಸಂಜೆ ನಿಜವಾಗಿ ಬೇಕಾದ ಹೊತ್ತಿಗೆ ಅದರ ಉಸಿರು ಮುಗಿದಿರುತ್ತಿತ್ತು. ಮಳೆಯ ಆ ರಾತ್ರಿ ಟೇಕಲ್ಲಿನಲ್ಲಿ ಅದು ಸಾಯುವ ಮೊದಲು ನಾನು ಮಾಡಿದ್ದ ಕರೆಗಳನ್ನು ಮಗಳ ಫೋನಿನಲ್ಲಿ ಎಣಿಸಿದೆ. ಹದಿನಾಲ್ಕು. ಎತ್ತಿದರೂ ಮಾತು ಕತ್ತರಿಸಿಹೋಗುತ್ತಿತ್ತು, ನಾನು ಮತ್ತೆ ಮಾಡುತ್ತಿದ್ದೆ. ಸಿಗ್ನಲ್ ಕ್ಷೀಣವಾದ ಕಡೆ ಫೋನಿಗೆ ಅತ್ಯಂತ ದುಬಾರಿಯಾದ ಕೆಲಸವೆಂದರೆ ಮಾತಾಡುವುದು.

“ಎಂಟು ಗಂಟೆ ಅಂದರೆ ಸರಿಯಾಗಿ ಒಂದು ಪಾಳಿ,” ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ.

ಪರಿಹಾರ ನೋಡಿದರೆ ಇಷ್ಟು ಸುಲಭವಾ ಎನಿಸುತ್ತದೆ. ಲಾಕರಿನಲ್ಲಿಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು. ಆಗ ಅದು ಹುಡುಕುವುದಿಲ್ಲ, ಕೂಗುವುದಿಲ್ಲ. ಆದರೆ ಸುಲಭವಾದದ್ದು ಫೋನಿಗೆ, ನನಗಲ್ಲ. ಹಗಲಿಡೀ ಮಗಳು ನಕ್ಷೆಯಲ್ಲಿ ಕಾಣುವುದಿಲ್ಲ, ಕರೆಗೆ ಸಿಗುವುದಿಲ್ಲ. “ಏನಾದರೂ ಆದರೆ?” ಎಂದೆ. “ಕಚೇರಿಯ ಲ್ಯಾಂಡ್‌ಲೈನ್ ನಂಬರ್ ಇದೆ ಅಮ್ಮಿ. ನೀವು ಕೇಳಲೇ ಇಲ್ಲ,” ಎಂದಳು. ಎರಡು ತಿಂಗಳು ನಕ್ಷೆಯ ಮೇಲಿನ ನೀಲಿ ಚುಕ್ಕಿಯನ್ನು ನೋಡುತ್ತಾ ಕುಳಿತವಳಿಗೆ ಕಚೇರಿಯ ನಂಬರ್ ಕೇಳಬೇಕೆಂದು ಹೊಳೆದಿರಲಿಲ್ಲ. ಅದನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ತೂಗುಹಾಕಿದೆ.

ಉಳಿದದ್ದು ಒಂದೊಂದಾಗಿ ಮಾಡಿದೆವು. ಒಂದೊಂದಾಗಿ ಎಂಬುದು ಮಾವನವರ ಷರತ್ತು. ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಫೋನನ್ನು 4ಜಿಗೆ ನಿಲ್ಲಿಸಿದೆವು, ಹಾರಾಟ ಕಡಿಮೆಯಾಯಿತು. ಶುಚಿಮಾಡುವ ಆ್ಯಪ್ ತೆಗೆದೆವು. ವೈಫೈ ಆಫ್ ಮಾಡಿದ್ದರೂ ಫೋನು ಜಾಗ ತಿಳಿಯಲು ಅದನ್ನು ಹುಡುಕುತ್ತಿರುವ ಒಂದು ಗುಂಡಿ ಸೆಟ್ಟಿಂಗಿನ ಒಳಗೆಲ್ಲೋ ಇರುತ್ತದೆ, ಅದನ್ನೂ ಮುಚ್ಚಿದೆವು. ಹತ್ತು ದಿನದ ನಂತರ ನೋಟ್‌ಬುಕ್ಕಿನಲ್ಲಿ ಕಚೇರಿ ಬಾಗಿಲಲ್ಲಿ 83, ಸಂಜೆ ಲಾಕರಿನಿಂದ ತೆಗೆದಾಗ 81. ಅದೇ ಬ್ಯಾಟರಿ, ಸಾವಿರದ ಇನ್ನೂರರ ನಕಲಿ! ಮುಂದೆ ಅದರ ಬೆನ್ನು ಸ್ವಲ್ಪ ಉಬ್ಬಿದಂತೆ ಕಂಡಾಗ ತಡಮಾಡದೆ ಬೆಂಗಳೂರಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬದಲಾಯಿಸಿದೆವು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಚಾರ್ಜಿಗೆ ಹಾಕುವುದಾಗಲಿ ಮಾಡಲೇಬಾರದು, ಬೆಂಕಿ ಹತ್ತುವ ವಸ್ತು ಅದು.

ಮಾವನವರು ಎಲ್ಲವನ್ನೂ ಸರಿಯಾಗಿಯೇ ಹೇಳಿದರೆಂದು ಬರೆದರೆ ಸುಳ್ಳಾಗುತ್ತದೆ. ಒಂದು ವಿಷಯದಲ್ಲಿ ಅವರೂ ಮೊಮ್ಮಗಳೂ ವಾರಗಟ್ಟಲೆ ವಾದಿಸಿದರು. ಗಣಿಯ ದೀಪದ್ದು ಸೀಸ ಮತ್ತು ಆಮ್ಲದ ಬ್ಯಾಟರಿ. ಅದನ್ನು ಖಾಲಿ ಬಿಟ್ಟರೆ ಕೆಡುತ್ತದೆ. ಪಾಳಿ ಮುಗಿದ ಕೂಡಲೇ ಚಾರ್ಜಿಗೆ ಹಾಕಿ ತುಂಬಿಸಿಯೇ ಇಡಬೇಕು. ಅದೇ ಅಭ್ಯಾಸದಲ್ಲಿ ಮಾವ ರಾತ್ರಿಯಿಡೀ ಅವಳ ಫೋನನ್ನು ಚಾರ್ಜಿನಲ್ಲೇ ಬಿಡಿಸುತ್ತಿದ್ದರು, ಅದೂ ಅಡುಗೆಮನೆಯ ಒಲೆಕಟ್ಟೆಯ ಮೂಲೆಯಲ್ಲಿ, ಏಕೆಂದರೆ ಪ್ಲಗ್ ಅಲ್ಲಿತ್ತು. ನಾನು ಕೇಳಿದ್ದು ಇನ್ನೊಂದು ಹಳೆಯ ಮಾತು: ಪೂರ್ತಿ ಖಾಲಿಯಾಗುವವರೆಗೆ ಚಾರ್ಜ್ ಹಾಕಬಾರದೆಂಬುದು. ಅದು ಒಂದು ಕಾಲದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕುರಿತ ನಂಬಿಕೆ. ಈಗಿನ ಫೋನುಗಳದ್ದು ಲಿಥಿಯಂ ಅಯಾನ್. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಜಾತಿಯ ಬ್ಯಾಟರಿಯನ್ನು ರೂಪಿಸಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇದಕ್ಕೆ ಪೂರ್ತಿ ಖಾಲಿಯೂ ಒಗ್ಗದು, ಬಿಸಿಯಲ್ಲಿ ಪೂರ್ತಿ ತುಂಬಿಕೊಂಡು ಕೂರುವುದೂ ಒಗ್ಗದು. ಇಪ್ಪತ್ತಕ್ಕೂ ಎಂಬತ್ತಕ್ಕೂ ನಡುವೆ ಇಟ್ಟರೆ, ಒಲೆಯಿಂದಲೂ ದಿಂಬಿನಿಂದಲೂ ದೂರವಿಟ್ಟರೆ ಹೆಚ್ಚು ಕಾಲ ಬಾಳುತ್ತದೆ. ನೂರು ಕಿಲೋಮೀಟರು ಹೋಗಿಬರುವವಳಿಗೆ ಎಂಬತ್ತಕ್ಕೆ ನಿಲ್ಲಿಸು ಎನ್ನಲಾಗುವುದಿಲ್ಲ. ಹಾಗಾಗಿ ಫಜರ್‌ಗೆ ಎದ್ದಾಗ ಚಾರ್ಜಿಗೆ ಹಾಕಿ ಹೊರಡುವಾಗ ತೆಗೆಯುವುದೆಂದು ತೀರ್ಮಾನವಾಯಿತು. ಮಾವ ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ. “ನಮ್ಮ ಬ್ಯಾಟರಿ ಹೊತ್ತವನ ಸೊಂಟ ನೋಯುತ್ತಿತ್ತು, ಆದರೆ ಅದಕ್ಕೆ ಇಷ್ಟು ನಖರಾ ಇರಲಿಲ್ಲ,” ಎಂದು ಈಗಲೂ ಹೇಳುತ್ತಾರೆ.

ಇನ್ನು ಮನೆಯ ವೈಫೈ. ಲಾಕರಿನ ಕತೆ ಬಿಚ್ಚಿಕೊಂಡ ಮೇಲೆ ಅದು ತಾನಾಗಿಯೇ ಬಿಚ್ಚಿಕೊಂಡಿತು. ನಮ್ಮ ಮಾಳಿಗೆಯ ಮೇಲೆ ತಗಡಿನ ಶೀಟಿನ ಒಂದು ಕೋಣೆ ಇದೆ, ಗೋಡೆಯ ಅರ್ಧಭಾಗವೂ ತಗಡೇ. ಮಗಳ ಕೋಣೆ ಅದು. ಶುಕ್ರವಾರ ಅವಳ ತಂದೆ ರಜೆಯಲ್ಲಿ ವಿಡಿಯೋ ಕರೆ ಮಾಡಿದರೆ ಅವರ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಕಂಪನಿಯವನಿಗೆ ಹೇಳಿ ಹೇಳಿ ಸಾಕಾಗಿತ್ತು. ರೂಟರ್ ಇಟ್ಟಿದ್ದು ಎಲ್ಲಿ? ಕೆಳಗೆ, ಕಬ್ಬಿಣದ ಬೀರುವಿನ ಹಿಂದೆ, ಚೆನ್ನಾಗಿ ಕಾಣುವುದಿಲ್ಲವೆಂದು ನಾನೇ ಅಲ್ಲಿಗೆ ತಳ್ಳಿದ್ದೆ. ಕೆಳಗೆ ಬೀರು, ಮೇಲೆ ತಗಡು. ಪಾಪ, ಅಲೆಗಳು ಎಲ್ಲಿಂದ ಹೋಗಬೇಕು? ಅದನ್ನು ಮೆಟ್ಟಿಲ ತಿರುವಿನ ಗೋಡೆಗೆ, ಎತ್ತರದಲ್ಲಿ ಹೊಡೆಸಿದೆವು. ಜೊತೆಗೆ ಇನ್ನೊಂದು: ಈಗಿನ ರೂಟರುಗಳು ಎರಡು ಬಗೆಯ ಅಲೆ ಬಿಡುತ್ತವೆ. 5 ಗಿಗಾಹರ್ಟ್ಸ್‌ನದ್ದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು ಕೆಲವೊಮ್ಮೆ ಕ್ಷೀಣವಾದ ವೇಗದ ಅಲೆಯನ್ನೇ ಹಿಡಿದುಕೊಂಡು ಜೋತಾಡುತ್ತದೆ. ಹೆಸರು ಬೇರೆ ಬೇರೆ ಮಾಡಿ, ಮೇಲಿನ ಕೋಣೆಯಲ್ಲಿ 2.4ರದ್ದನ್ನು ಮಾತ್ರ ಉಳಿಸಿ ಇನ್ನೊಂದನ್ನು ಫೋನಿನಿಂದ ಮರೆಸಿದೆವು. ಮುಂದಿನ ಶುಕ್ರವಾರ ಅವಳ ತಂದೆ ಇಪ್ಪತ್ತು ನಿಮಿಷ ಮಾತಾಡಿದರು. ಕೂದಲು ಎಷ್ಟು ಬೆಳ್ಳಗಾಗಿದೆ ಎಂದು ನಮಗೆ ಆಗಲೇ ಸ್ಪಷ್ಟವಾಗಿ ಕಂಡದ್ದು.

ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಕರೆಂಟು ತಂದ ಊರು ನಮ್ಮದು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂಥ ಊರಿನವರು ನಾವು ಒಂದು ಬೀರುವಿನ ಹಿಂದೆ ಸೋತು ಕುಳಿತಿದ್ದೆವು.

ಭಾವನವರಿಗೆ ನೋಟ್‌ಬುಕ್ ತೋರಿಸಿದ್ದು ಮಗಳೇ. ಒಂದು ಭಾನುವಾರ ಬಂದಾಗ ಅವರ ಮುಂದೆ ಇಟ್ಟು, “ಬಡೇ ಅಬ್ಬಾ, ಇದು ಫೋನು ಲಾಕರಿನಲ್ಲಿದ್ದಾಗಿನ ಲೆಕ್ಕ,” ಎಂದಳು. ಅವರು ಅಂಗಡಿಯ ಖಾತೆ ನೋಡುವವರಂತೆ ಪುಟ ಪುಟ ತಿರುಗಿಸಿದರು. ಬಹಳ ಹೊತ್ತು ಮಾತಾಡಲಿಲ್ಲ. ನಂತರ ಜೇಬಿನಿಂದ ತಮ್ಮ ಫೋನ್ ತೆಗೆದು ಅವಳ ಕೈಗೆ ಕೊಟ್ಟು, “ಇದೂ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಸ್ವಲ್ಪ ನೋಡಮ್ಮ,” ಎಂದರು. ಅದರಲ್ಲಿ ಅಝಾನ್ ಕೂಗುವ ಆ್ಯಪ್ ಮೂರಿದ್ದವು. ಮೂರೂ ದಿನವಿಡೀ ಅವರು ಎಲ್ಲಿದ್ದಾರೆಂದು ಹುಡುಕಿ ಹುಡುಕಿ ಸಮಯ ಲೆಕ್ಕ ಹಾಕುತ್ತಿದ್ದವು. ಅವರ ಅಂಗಡಿಯಿಂದ ಮಸೀದಿಗೆ ನಾಲ್ಕು ಹೆಜ್ಜೆ! ಮಗಳು ಎರಡನ್ನು ತೆಗೆದು, ಉಳಿದದ್ದಕ್ಕೆ ಊರು ಬಂಗಾರಪೇಟೆ ಎಂದು ಕೈಯಿಂದಲೇ ಬರೆದು ಜಾಗ ಹುಡುಕುವುದನ್ನು ನಿಲ್ಲಿಸಿದಳು. ಕೆಲಸ ಬಿಡಿಸುವ ಮಾತು ಮತ್ತೆ ಬರಲಿಲ್ಲ. ಗಾಡಿ ತಪ್ಪಿದ ದಿನ ನೇರವಾಗಿ ಅಂಗಡಿಗೆ ಬಂದುಬಿಡು, ನಾನು ಬಿಟ್ಟುಬರುತ್ತೇನೆ ಎಂದು ಹೋಗುವಾಗ ಹೇಳಿ ಹೋದರು.

ನನ್ನ ಮತ್ತು ಮಗಳ ನಡುವಿನ ಒಪ್ಪಂದ ಹೀಗೆ: ಸಂಜೆ ಗಾಡಿ ಹತ್ತಿದಾಗ ಒಂದು ಎಸ್‌ಎಂಎಸ್, ಬಂಗಾರಪೇಟೆಯಲ್ಲಿ ಒಂದು ಎಸ್‌ಎಂಎಸ್. ಕರೆಗೆ ಬೇಕಾಗುವಷ್ಟು ಸಿಗ್ನಲ್ ಇಲ್ಲದ ಕಡೆಯೂ ಎಸ್‌ಎಂಎಸ್ ಹೋಗಿಬಿಡುತ್ತದೆ, ಚಾರ್ಜೂ ಬಹಳ ಕಡಿಮೆ. ನಡುವೆ ನಾನು ಫೋನ್ ಮಾಡಬಾರದು. ಏನಾದರೂ ಆದರೆ ಅವಳು ಮಾಡುತ್ತಾಳೆ, ಮಾಡಲು ಈಗ ಅವಳ ಫೋನಿನಲ್ಲಿ ಚಾರ್ಜ್ ಇರುತ್ತದೆ.

ಹೇಳಿದಷ್ಟು ಸುಲಭವಲ್ಲ. ಮೊದಲ ವಾರ ಬೆರಳು ತಾನಾಗಿಯೇ ಅವಳ ಹೆಸರಿನ ಮೇಲೆ ಹೋಗುತ್ತಿತ್ತು. ಒಂದು ದಿನ ಮಾವನವರನ್ನು ಕೇಳಿದೆ, “ಅಬ್ಬಾ, ನೀವು ಗಣಿಯಲ್ಲಿದ್ದಾಗ ಮನೆಯಲ್ಲಿ ಅಮ್ಮಿ ಹೇಗೆ ಇರುತ್ತಿದ್ದರು? ಆಗ ಫೋನೇ ಇರಲಿಲ್ಲವಲ್ಲ.” ನನ್ನ ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಳದಲ್ಲಿ ಬಂಡೆ ಸಿಡಿದರೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವಂತೆ. ಹೆಂಗಸರೆಲ್ಲ ಶಾಫ್ಟಿನ ಕಡೆ ಓಡಿಬರುತ್ತಿದ್ದರಂತೆ. “ಅವರೆಲ್ಲ ನಮ್ಮ ಲ್ಯಾಂಪ್ ರೂಮಿನ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ವಾಪಸ್ ಬಂದ ದೀಪದ ನಂಬರು ನಮಗೆ ಗೊತ್ತಿರುತ್ತಿತ್ತಲ್ಲ. ದೀಪ ಬಂದಿದೆ ಅಂದರೆ ಮನುಷ್ಯ ಮೇಲೆ ಬಂದಿದ್ದಾನೆ. ನಿನ್ನ ಅತ್ತೆ ಮಾತ್ರ ಬರುತ್ತಿರಲಿಲ್ಲ. ನಾನು ಮೇಲೇ ಇರುವವನು, ನನಗೇನೂ ಆಗಿರುವುದಿಲ್ಲ ಅಂತ ಗೊತ್ತಿತ್ತು ಅವಳಿಗೆ. ಆದರೆ ಅವಳ ತಮ್ಮ ಕೆಳಗೆ ಹೋಗುತ್ತಿದ್ದ. ಅವನ ನಂಬರು ಸಿಕ್ಕಿದ ಕೂಡಲೇ ನಾನು ಯಾರನ್ನಾದರೂ ಮನೆಗೆ ಓಡಿಸುತ್ತಿದ್ದೆ. ಅಲ್ಲಿಯವರೆಗೆ ಅವಳು ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳಂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುವುದು.”

ಕಳೆದ ಚಳಿಗಾಲದ ಒಂದು ರಾತ್ರಿ ಬಂಗಾರಪೇಟೆಯ ಎಸ್‌ಎಂಎಸ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ಎಂಟೂವರೆ ಆಯಿತು, ಒಂಬತ್ತಾಯಿತು. ಮಾವ ಗಡಿಯಾರ ನೋಡಿದರು, ನಾನೂ ನೋಡಿದೆ. ಅವರು ಏನೂ ಹೇಳಲಿಲ್ಲ. ನಾನು ಫೋನನ್ನು ಬೀರುವಿನ ಮೇಲೆ ಕೈಗೆಟುಕದಂತೆ ಇಟ್ಟು ಬಂದು, ಮರುದಿನಕ್ಕೆಂದು ತೊಗರಿಬೇಳೆ ಆರಿಸುತ್ತಾ ಕುಳಿತೆ. ಒಂಬತ್ತು ಹನ್ನೆರಡಕ್ಕೆ ಫೋನು ಒಮ್ಮೆ ಕಿಣಿ ಎಂದಿತು. ಸ್ಟೂಲು ಹತ್ತಿ ತೆಗೆದು ನೋಡಿದೆ.

“ಬಂಗಾರಪೇಟೆ. ಗಾಡಿ ಲೇಟ್. ಚಾರ್ಜ್ 58.”

ನೋಟ್‌ಬುಕ್ ಹುಡುಕಿ ಬರೆದಿಟ್ಟೆ.